ನನ್ನ ಮನೆಯಲ್ಲಿ ನಾನಿಲ್ಲ

ಗೆಳೆಯರೇ, ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ನಾನು ವಾಸವಾಗಿಲ್ಲ ಎಂಬುದು ಇವತ್ತು ಅಧಿಕೃತವಾಗಿ ತಿಳಿಯಿತು. ಮಹಡಿಯಲ್ಲಿ ಬಾಡಿಗೆಗಿರುವ ತಾಂಜಾನಿಯಾದ ವೈದ್ಯಕೀಯ ವಿದ್ಯಾರ್ಥಿ ಜುಮಾಗೆ ಎಲ್ಎಲ್, ಅಂದರೆ ಕಲಿಕಾ ಲೈಸೆನ್ಸ್, ಕೊಡಿಸಲು ಮಾಲೀಕನ ಗತ್ತಿನಲ್ಲಿ ಆರ್‌ಟಿಒ ಕಚೇರಿಗೆ ಹೋಗಿದ್ದೆ. ಹೇಗೂ ಬಂದಿದ್ದೇನಲ್ಲ ಎಂದು ನನ್ನ ಲೈಸೆನ್ಸಿನ ವಿಳಾಸ ಬದಲಿಸಲೂ ಅರ್ಜಿ ಕೊಟ್ಟೆ.

ಅವನ ಪಾಸ್‌ಪೋರ್ಟ್, ವೀಸಾ, ವಾಸದ ಪರವಾನಗಿ ಎಲ್ಲ ನೋಡಿ ಗುಮಾಸ್ತರು ತಲೆಯಾಡಿಸಿದರು. ನನ್ನ ಆಧಾರ್ ಮಾತ್ರ ಇನ್ನೂ ನಮ್ಮ ಹಳೆಯ ಊರು ಮಲೆಬೆನ್ನೂರಿನ ವಿಳಾಸದಲ್ಲೇ ಇತ್ತು.

“ಸರ್, ಇವ್ರು ನಿಮ್ಮ ಮನ್ಯಾಗೆ ಇದಾರೆ ಅನ್ನಾಕೆ ದಾಖಲೆ ಐತೆ. ನೀವು ಇದೀರಿ ಅನ್ನಾಕೆ ಏನೈತ್ರಿ?”

“ಮನೆ ನಮ್ದೇ ಕಣ್ರಿ,” ಎಂದು ಕರೆಂಟ್ ಬಿಲ್ಲು ಮುಂದಿಟ್ಟೆ.

“ಕರೆಂಟ್ ಬಿಲ್ಲು ನಿಮ್ಮ ಮನೆಯವ್ರ ಹೆಸರಿಗೈತಲ್ರಿ.”

ನನ್ನ ಅರ್ಜಿ ವಾಪಸ್ಸು ಬಂತು. ಜುಮಾ ಬೆನ್ನು ತಟ್ಟಿ, ಇಲ್ಲೇ ಕಲಿತ ಕನ್ನಡದಲ್ಲಿ ಹೇಳಿದ: “ಅಂಕಲ್, ಚಿಂತೆ ಬ್ಯಾಡ್ರಿ. ನೀವು ನಮ್ಮ ಮನ್ಯಾಗೇ ಇರ್ತೀರಿ ಅಂತ ನಾನು ಬರ್ಕೊಡ್ತೀನಿ.”

ಬಾಡಿಗೆ ಏರಿಸುವ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ.