ಅಲ್ಲಾಡುವವರನ್ನು ಬರೆಯದ ಎವಾರಿಸ್ತೋ

ನಮ್ಮ ಬೀದಿಯ ಎವಾರಿಸ್ತೋ ಚಿಂಚಿಯಾ ಚಿತ್ರಕಾರನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹೇಳಿಕೊಂಡು ತಿರುಗುವವನು ಅವನೊಬ್ಬನೇ. ನೋಟರಿಯೊಬ್ಬರ ಕಚೇರಿಯಲ್ಲಿ ಆಯುಷ್ಯವಿಡೀ ಬೇರೆಯವರ ಪತ್ರಗಳನ್ನು ನಕಲು ಮಾಡಿ, ನಿವೃತ್ತನಾದ ಮೇಲೆ ಅದೇನು ಗಾಳಿ ಬಡಿಯಿತೋ, ರಟ್ಟಿನ ಸ್ಕೆಚ್ ಪುಸ್ತಕವೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಾಡತೊಡಗಿದ. ನನ್ನ ಬ್ರೆಡ್ ಅಂಗಡಿ ಅವನ ಮನೆಯ ಎದುರಿಗೇ ಇರುವುದರಿಂದ ಅವನ ಉಪದೇಶ ನನಗೆ ತಪ್ಪಿದ್ದಲ್ಲ.

"ದಿನಕ್ಕೊಂದು ಪುಟ, ದೋನ್ಯಾ ತೋಮಾಸಾ! ಹಬ್ಬ ಇರ್ಲಿ, ಜ್ವರ ಇರ್ಲಿ, ದಿನಕ್ಕೊಂದು ಪುಟ. ಕೈ ತಾನಾಗೇ ಪಳಗುತ್ತೆ."

"ನಿಮ್ಮ ಕೈ ಪಳಗೋ ಹೊತ್ತಿಗೆ ನನ್ನ ಬ್ರೆಡ್ ಕಲ್ಲಾಗಿರುತ್ತೆ. ತಗೊಳ್ತೀರೋ, ಇಲ್ಲಾ ಜಾಗ ಬಿಡ್ತೀರೋ?"

ಅವನು ಪ್ರತಿ ಸಂಜೆ ಹೆಂಡತಿ ಡೆಲ್ಫಿನಾಳನ್ನು ಕರೆದುಕೊಂಡು ಪಾರ್ಕಿಗೆ ಹೋಗುತ್ತಿದ್ದ. ಕಾರಂಜಿ ಬರೆಯುತ್ತಿದ್ದ, ಕಂಬ ಬರೆಯುತ್ತಿದ್ದ, ಭೂಕಂಪದಲ್ಲಿ ಬಿದ್ದ ಇಗರ್ಜಿಯ ಗೋಡೆ ಬರೆಯುತ್ತಿದ್ದ. ಒಮ್ಮೆ ಬೇಡವೆಂದರೂ ಬಿಡದೆ ಪುಸ್ತಕವನ್ನು ನನ್ನ ಮೂಗಿನ ಮುಂದೆ ಹಿಡಿದ. ಪುಟ ಮಗುಚಿ ಮಗುಚಿ ಹಾಕಿದೆ. ಇಡೀ ಆಂಟಿಗುವಾ ಊರು ಅದರಲ್ಲಿತ್ತು, ಒಬ್ಬ ಮನುಷ್ಯನಿರಲಿಲ್ಲ. ಬೂಟು ಪಾಲಿಷಿನವನಿಲ್ಲ, ಮಾವಿನಕಾಯಿ ಮಾರುವವಳಿಲ್ಲ, ಪಾರಿವಾಳ ಕೂಡ ಇಲ್ಲ.

"ಜನ ಎಲ್ಲಿ ಹೋದ್ರು? ಊರಿಗೆ ಊರೇ ಗುಳೆ ಹೋಯ್ತಾ?"

"ಅವರು ಅಲ್ಲಾಡ್ತಾರೆ," ಎಂದ, ತಪ್ಪೆಲ್ಲ ಜನರದ್ದೇ ಎನ್ನುವ ಹಾಗೆ.

ಕಾರಂಜಿಯ ಪಕ್ಕದ ಬೆಂಚನ್ನು ಮಾತ್ರ ಮರದ ಗಂಟುಗಳ ಸಮೇತ ಬಿಡಿಸಿದ್ದ. ಆ ಬೆಂಚಿನ ಮೇಲೆ ದಿನವೂ ಡೆಲ್ಫಿನಾ ಕೂತಿರುತ್ತಿದ್ದಳು. ಅವಳನ್ನು ಬಿಟ್ಟು ಬೆಂಚು ಬರೆದ ಗಂಡಸಿನ ಬಗ್ಗೆ ನಾನು ಇನ್ನೇನು ಹೇಳಲಿ.

ಡೆಲ್ಫಿನಾ ಬೇರೆಯೇ ಥರದ ಹೆಂಗಸು. ಪ್ರತಿ ವರ್ಷ ಶುಭ ಶುಕ್ರವಾರ ನಮ್ಮ ಬೀದಿಯಲ್ಲಿ ಶಿಲುಬೆ ಹೊತ್ತ ಯೇಸುವಿನ ಮೆರವಣಿಗೆ ಹಾಯುವಾಗ ಕಲ್ಲುಹಾಸಿನ ಮೇಲೆ ಬಣ್ಣ ಕಲಸಿದ ಮರದ ಹೊಟ್ಟಿನ ಹಾಸು ಬಿಡಿಸಬೇಕಲ್ಲ, ನಮ್ಮ ಬೀದಿಯದು ಅವಳದೇ ಕೆಲಸ. ಉಳಿದ ಬೀದಿಯವರು ರಟ್ಟಿನ ಅಚ್ಚು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಇವಳಿಗೆ ಅಚ್ಚೂ ಬೇಡ, ಗೆರೆಯೂ ಬೇಡ. ಇಟ್ಟಿಗೆಗಳ ಮೇಲೆ ಅಡ್ಡ ಹಲಗೆ ಇಟ್ಟು, ಅದರ ಮೇಲೆ ಕೂತು, ನಡುವಿನಿಂದ ಶುರುಮಾಡಿ ಜರಡಿ ಆಡಿಸುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು. ಅವಳು ಸರಿದಲ್ಲೆಲ್ಲ ಜೋಳದ ತೆನೆ ಬರುತ್ತಿತ್ತು, ಹಕ್ಕಿ ಬರುತ್ತಿತ್ತು. ಮಧ್ಯಾಹ್ನ ನೇರಳೆ ನಿಲುವಂಗಿಯವರು ಮಂಟಪ ಹೊತ್ತು ಅದರ ಮೇಲೇ ನಡೆದು ಹೋಗುತ್ತಿದ್ದರು, ಹಿಂದಿನಿಂದ ಪೊರಕೆಯವರು ಬಂದು ಗುಡಿಸುತ್ತಿದ್ದರು. ಅವಳು ಕೈ ತೊಳೆದುಕೊಂಡು ಒಳಗೆ ಹೋಗುತ್ತಿದ್ದಳು.

"ತುಳಿಸಿಕೊಳ್ಳೋದಕ್ಕೇ ಬರೆಯೋದು ಅದ್ಯಾವ ಚಿತ್ರ?" ಎಂದು ಎವಾರಿಸ್ತೋ ಮೂಗು ಮುರಿಯುತ್ತಿದ್ದ.

ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿಯಿತು. ಉಳಿದ ದೃಷ್ಟಿ ಹೆಚ್ಚು ಕಾಲ ನಿಲ್ಲದೆಂದು ಡಾಕ್ಟರು ಹೇಳಿದ ದಿನ ಅವಳು ನನ್ನ ಅಂಗಡಿಯಲ್ಲೇ, ನನ್ನೆದುರೇ ಗಂಡನನ್ನು ಕೇಳಿದಳು.

"ನನ್ನ ಮುಖ ಒಂದ್ಸಲ ಬರ್ಕೊಡು ಮಾರಾಯ. ಕಣ್ಣಿರೋವಾಗ್ಲೇ ನೋಡ್ಕೋತೀನಿ. ನಿನ್ನ ಕಣ್ಣಿಗೆ ನಾನು ಹೇಗೆ ಕಾಣ್ತೀನಿ ಅಂತ ಗೊತ್ತಾಗ್ಲಿ."

ಆ ಮಹಾನುಭಾವ ಗಂಟಲು ಸರಿಮಾಡಿಕೊಂಡ. "ಮುಖ ಅಂದ್ರೆ ಹುಡುಗಾಟವಾ? ನನ್ನ ಕೈ ಇನ್ನೂ ಪಳಗ್ಬೇಕು. ಮತ್ತೆ ನೀನು ಕೂತಲ್ಲಿ ಕೂರೋಳಲ್ಲ, ಅಲ್ಲಾಡ್ತೀಯ."

ನನ್ನ ಮೈ ಉರಿದುಹೋಯಿತು. ಆವತ್ತು ಅವನಿಗೆ ಹಳಸಿದ ಬ್ರೆಡ್ಡನ್ನೇ ಕಟ್ಟಿಕೊಟ್ಟೆ.

ಆ ವರ್ಷ ಶುಭ ಶುಕ್ರವಾರದ ಹೊತ್ತಿಗೆ ಅವಳಿಗೆ ಬಣ್ಣ ಬಣ್ಣಕ್ಕೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಾಸು ತಾನೇ ಬಿಡಿಸುತ್ತೇನೆಂದು ಎವಾರಿಸ್ತೋ ಎದೆಯುಬ್ಬಿಸಿ ಬಂದ. ಪುಸ್ತಕದಲ್ಲಿ ಸ್ಕೇಲು ಹಿಡಿದು ನಕ್ಷೆ ಮಾಡಿದ್ದ, ಸುತ್ತ ಬಳ್ಳಿಯ ಅಂಚು, ನಡುವೆ ಕಾರಂಜಿ. ಕಾರಂಜಿಯಲ್ಲದೆ ಇನ್ನೇನಿರುತ್ತದೆ!

"ನಡುವಿನಿಂದ ಶುರುಮಾಡು, ಹಲಗೆ ಹಾಕ್ಕೋ," ಎಂದು ಡೆಲ್ಫಿನಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿದಳು.

"ಹಲಗೆಯ ನೆರಳು ಗೆರೆ ಮೇಲೆ ಬೀಳುತ್ತೆ. ಮೊದ್ಲು ಅಂಚು, ಆಮೇಲೆ ಚಿತ್ರ. ಪುಸ್ತಕದಲ್ಲಿ ಯಾವಾಗ್ಲೂ ಹಾಗೇ ಮಾಡೋದು."

ಸಹಾಯಕ್ಕೆ ಬಂದ ನಮ್ಮನ್ನೆಲ್ಲ ಅಂಚು ಕೆಡಿಸುತ್ತೀರೆಂದು ಓಡಿಸಿದ. ಬೆಳಗಿನಿಂದ ಅಂಗೈಯಗಲದ ಎಲೆಗಳನ್ನು ಒಂದೊಂದಾಗಿ ತುಂಬಿದ, ಆಮೇಲೆ ಒಳಗೆ ಒಳಗೆ ಬಂದ, ಆಗಾಗ ನೀರು ಚಿಮುಕಿಸಿದ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಾರಂಜಿ ಮುಗಿಯಿತು. ತಲೆಯೆತ್ತಿ ನೋಡುತ್ತಾನೆ, ನಾಲ್ಕೂ ಕಡೆ ಹಸಿ ಹೊಟ್ಟು. ನಡುವೆ ತಾನೊಬ್ಬ, ಕುಕ್ಕರಗಾಲಲ್ಲಿ.

ಮೊದಲು ನಕ್ಕವನು ದರ್ಜಿ ಲಿಸಾಂದ್ರೋ. "ದೋನ್ ಎವಾರಿಸ್ತೋ, ಊಟ ಅಲ್ಲಿಗೇ ಕಳಿಸ್ಲಾ? ಇಲ್ಲ ಯೇಸುಸ್ವಾಮಿ ಬಂದು ಎತ್ಕೊಂಡು ಹೋಗ್ತಾನಾ?"

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ನಾನೂ ಹೊಟ್ಟೆ ತುಂಬ ನಕ್ಕೆ, ಅದರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ.

"ನಡ್ಕೊಂಡು ಬನ್ರೀ! ಇನ್ನೊಂದು ಗಳಿಗೆಗೆ ಊರೇ ತುಳಿಯುತ್ತೆ," ಎಂದೆ.

"ಮೆರವಣಿಗೆ ಬರೋತನಕ ಕೆಡಬಾರದು!" ಎಂದು ಅಲ್ಲಿಂದಲೇ ಕಿರುಚಿದ. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ತನ್ನ ಕಾರಂಜಿಯ ಮೇಲೆ ತಾನೇ ಕಾಲಿಡುವ ಧೈರ್ಯ ಆ ಮನುಷ್ಯನಿಗಿರಲಿಲ್ಲ.

"ಏನಾಯ್ತೇ ತೋಮಾಸಾ? ಯಾಕೆ ನಗ್ತಿದೀರಾ?" ಎಂದು ಡೆಲ್ಫಿನಾ ಕೇಳಿದಳು. ಹೇಳಿದೆ. ಅವಳು ಕಣ್ಣು ಕಿರಿದು ಮಾಡಿ ಆ ಕಡೆ ನೋಡಿದಳು. ಬಿಸಿಲಿಗೆ ಆಕಾರವಷ್ಟೇ ಕಂಡಿರಬೇಕು. ಕುರ್ಚಿಯ ಪಕ್ಕದಲ್ಲಿದ್ದ ಗಂಡನ ಪುಸ್ತಕಕ್ಕೆ ಕೈ ಹಾಕಿ, ತಡವಿ ಖಾಲಿ ಪುಟ ಹುಡುಕಿ, ಪೆನ್ಸಿಲ್ ಹಿಡಿದಳು.

"ಎವಾರಿಸ್ತೋ! ಅಲ್ಲೇ ಕೂತಿರು. ಅಲ್ಲಾಡಬೇಡ!"

ಜನ ಇನ್ನಷ್ಟು ನಕ್ಕರು. ಅವನು ನಗಲಿಲ್ಲ, ಅಲ್ಲಾಡಲೂ ಇಲ್ಲ. ಅವಳು ಮುಖವನ್ನು ಹಾಳೆಗೆ ತಾಗುವಷ್ಟು ಬಗ್ಗಿಸಿ, ಮತ್ತೆ ತಲೆಯೆತ್ತಿ, ದಪ್ಪ ದಪ್ಪ ಗೆರೆ ಎಳೆದಳು. ಮೂಲೆಯಲ್ಲಿ ವಾದ್ಯದವರ ಸದ್ದು ಕೇಳಿತು, ಧೂಪದ ಹೊಗೆ ಬಂತು. ಮಂಟಪದ ತುದಿ ಕಂಡ ಮೇಲೆ ಅವನು ಎದ್ದು, ತನ್ನ ಕಾರಂಜಿಯನ್ನೂ ಬಳ್ಳಿಯನ್ನೂ ತುಳಿದುಕೊಂಡು, ಕಳ್ಳನಂತೆ ಹೊರಗೆ ಬಂದ. ಅವಳು ಪುಸ್ತಕ ಚಾಚಿದಳು.

ಕಾವು ಕೂತ ಕೋಳಿಯ ಹಾಗೆ ಮುದುಡಿದ ಒಬ್ಬ ಮುದುಕ. ಮೂಗಿಲ್ಲ, ಕಣ್ಣಿಲ್ಲ, ಆದರೂ ಇಡೀ ಬೀದಿಗೆ ಗುರುತು ಸಿಗುವಂತಿತ್ತು.

"ಇದು ನಾನಾ?"

"ಇನ್ಯಾರು?"

"ಬೆನ್ನು ಇಷ್ಟು ಬಗ್ಗಿದೆಯಾ?"

"ನಿನ್ನ ಬೆನ್ನು ನಿಂಗೆ ಹೇಗೆ ಕಾಣುತ್ತೆ? ದಿನಾ ನೋಡೋಳು ನಾನು."

ಮೆರವಣಿಗೆ ಅವನ ಹಾಸಿನ ಮೇಲೆ ಹಾದು ಹೋಯಿತು. ಅವನು ಅತ್ತ ತಿರುಗಿ ನೋಡಲಿಲ್ಲ, ಆ ಪುಟವನ್ನೇ ನೋಡುತ್ತಾ ನಿಂತಿದ್ದ.

ಮರುದಿನದಿಂದ ಪಾರ್ಕು ನಿಂತಿತು. ಬಾಗಿಲಲ್ಲಿ ಕೂತು ಅವಳನ್ನು ಬರೆಯತೊಡಗಿದ, ಅವಳು ಹುರುಳಿಕಾಯಿ ಬಿಡಿಸುವಾಗ, ಬೈಯುವಾಗ, ತೂಕಡಿಸುವಾಗ. ಮೊದಮೊದಲು ಆಲೂಗಡ್ಡೆಯಂತೆ ಬರೆದ. ಆಮೇಲೆ ಇಗರ್ಜಿಯ ಸಂತಳಂತೆ, ಆಮೇಲೆ ಯಾರದೋ ಅತ್ತೆಯಂತೆ ಬರೆದ. ನಾನು ಬಾಯಿಗೆ ಬಂದದ್ದು ಹೇಳಿದೆ. ಹಿಂದಾಗಿದ್ದರೆ ಮುನಿಸಿಕೊಂಡು ಹೋಗುತ್ತಿದ್ದ. ಈಗ "ಎಲ್ಲಿ ತಪ್ಪಿದೆ?" ಎಂದು ಕೇಳಿ, ಪುಟ ಮಗುಚಿ ಮತ್ತೆ ಬರೆಯುತ್ತಿದ್ದ. ಅವಳು ಪ್ರತಿ ಪುಟವನ್ನೂ ಕಣ್ಣಿನ ಹತ್ತಿರ ಹಿಡಿದು, "ಇವಳ್ಯಾರೋ ನಂಗೊತ್ತಿಲ್ಲ," ಎಂದು ವಾಪಸು ಕೊಡುತ್ತಿದ್ದಳು. ಮಳೆಗಾಲ ಮುಗಿಯುವ ಮೊದಲೇ, ಪುಟ ಹತ್ತಿರ ಹಿಡಿಯುವುದನ್ನು ನಿಲ್ಲಿಸಿದಳು. ಹಿಡಿದರೂ ಏನೂ ಕಾಣುತ್ತಿರಲಿಲ್ಲ.

ಸತ್ತವರ ಹಬ್ಬದ ಅಡುಗೆಗೆ ತರಕಾರಿ ಹೆಚ್ಚಲು ನಾನು ಅವರ ಮನೆಗೆ ಹೋಗಿದ್ದೆ. ಎವಾರಿಸ್ತೋ ಪುಸ್ತಕವನ್ನು ನನ್ನ ಮುಂದಿಟ್ಟು ಹಿತ್ತಿಲಿಗೆ ಹೋದ. ನೋಡಿದೆ. ನನ್ನ ಕೈಯ ಚಾಕು ನಿಂತಿತು. ಬೈಯುವ ಮುಂಚೆ ಮೇಲಕ್ಕೇರುವ ಡೆಲ್ಫಿನಾಳ ಎಡ ಹುಬ್ಬು, ಹಲ್ಲು ಹೋದ ಕಡೆ ಒಳಗೆ ಸೇರಿದ ಕೆನ್ನೆ, ಎಲ್ಲಾ ಇತ್ತು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಆ ದರಿದ್ರದವನ ಮೇಲೆ ಸಿಟ್ಟು ಬಂತು. ಅಷ್ಟು ವರ್ಷ ಬೆಂಚು ಬರೆದುಕೊಂಡು ಕೂತವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಬರೆದಿದಾನಾ?" ಎಂದಳು ಪಕ್ಕದಲ್ಲೇ ಕೂತಿದ್ದ ಡೆಲ್ಫಿನಾ. "ನೀನು ಅವನಿಗೆ ಬೆಣ್ಣೆ ಹಚ್ಚೋಳಲ್ಲ, ನಿಜ ಹೇಳು. ನನ್ನ ಹಾಗಿದೆಯಾ?"

"ನೀನೇ ಕಣೇ."

"ಚೆನ್ನಾಗಿದೀನಾ?"

"ಇಲ್ಲ. ಮುದುಕಿ. ಕೆನ್ನೆ ಒಳಗೆ ಹೋಗಿದೆ, ಕತ್ತಿನ ತೊಗಲು ಜೋತುಬಿದ್ದಿದೆ."

ಅವಳು ಕೈಚಾಚಿ ಹಾಳೆ ತಡವಿದಳು. ಪೆನ್ಸಿಲ್ ಒತ್ತಿದ ಗೆರೆ ಬೆರಳಿಗೆ ಸಿಕ್ಕಿರಬೇಕು, ಅಲ್ಲೇ ನಿಲ್ಲಿಸಿ ನಕ್ಕಳು.

"ಹಾಗಾದ್ರೆ ನನ್ನನ್ನ ನೋಡಿಯೇ ಬರೆದಿದಾನೆ."