ಮೌಸ್ ಮುಟ್ಟುವ ಮೊದಲು
ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಿಂದ, ಕಬ್ಬಿಣವನ್ನು ಗರಗರ ತಿರುಗಿಸಿ ಕಡೆಯುವ ಹಳೆಯ ಲೇತ್ ಯಂತ್ರಗಳನ್ನೆಲ್ಲ ಸಾಗಿಸಿ ಅಲ್ಲಿ ಇಪ್ಪತ್ತು ಕಂಪ್ಯೂಟರ್ ಕೂರಿಸಿದರು; ಲೇತ್ ಮೇಷ್ಟ್ರನ್ನು ಮಾತ್ರ ಸಾಗಿಸಲಾಗಲಿಲ್ಲ. ಈಗ ಪರದೆಯ ಮೇಲೆ ತಿರುಗುವ ಚಿತ್ರದ ಲೇತನ್ನು ಕಲಿಸುವುದಕ್ಕೂ ಅವರು ಖಾಕಿ ಏಪ್ರನ್ ಕಟ್ಟಿಕೊಂಡೇ ಬರುತ್ತಾರೆ. ಬಲಗೈ ಸದಾ ಅದರ ಜೇಬಿನಲ್ಲಿ. ಪಾಠವೆಲ್ಲ ಎಡಗೈಯ ಉಕ್ಕಿನ ಸ್ಕೇಲಿನಲ್ಲೇ. ಮೌಸ್ ಮುಟ್ಟುವ ಮೊದಲು ಎಲ್ಲರೂ ಅಂಗಿಯ ತೋಳು ಮಡಚಬೇಕು, ಉಂಗುರ ಬಿಚ್ಚಿಡಬೇಕು, ಜಡೆಯನ್ನು ಎತ್ತಿ ಕಟ್ಟಬೇಕು. ಕ್ಲಾಸು ಮುಗಿದ ಮೇಲೆ, ಬೀಳದ ಕಬ್ಬಿಣದ ಚೂರಿಗಾಗಿ ಮೇಜುಗಳನ್ನೆಲ್ಲ ಬ್ರಷ್ಷಿನಿಂದ ಗುಡಿಸುತ್ತಾರೆ. ಲೇತ್ ಕಾದಿದೆಯೇನೋ ಎಂದು ಮಾನಿಟರಿನ ಬೆನ್ನು ಸವರುವುದೂ ಉಂಟು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿ, ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಹೋಗುತ್ತಾರೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: "ಸರ್, ಇದು ಬರೀ ಚಿತ್ರ ಅಲ್ವಾ? ಇದಕ್ಕೆ ಯಾರ ತೋಳು ಸಿಕ್ಕಿಹಾಕ್ಕೊಳ್ಳುತ್ತೆ?" ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರು ಸಿಟ್ಟಾಗಲಿಲ್ಲ. "ನಾಳೆ ಕಾರ್ಖಾನೇಲಿ ಇರೋದು ಚಿತ್ರ ಅಲ್ಲಮ್ಮ," ಎಂದವರೇ ಜೇಬಿನಿಂದ ಬಲಗೈ ತೆಗೆದು ಅವಳ ಮೌಸಿನ ಮೇಲಿಟ್ಟು, ಉಂಗುರ ಬೆರಳಿನಿಂದ ಒತ್ತಿ ಲೇತ್ ಚಾಲೂ ಮಾಡಿ ತೋರಿಸಿದರು. ತೋರುಬೆರಳೂ ನಡುಬೆರಳೂ ಆ ಕೈಯಲ್ಲಿ ಇರಲಿಲ್ಲ.