ಹಸಿ ಸೀರೆಯ ಈರವ್ವನ ಹಕ್ಕುದಾರಳು

ಜಯಶ್ರೀ ರಾರಾವಿ ಅನ್ನುವ ಊರನ್ನು ಕಂಡದ್ದು ಬಸ್ಸಿನ ಬೋರ್ಡಿನ ಮೇಲೆ ಮಾತ್ರ. ಕುರುಗೋಡಿನಲ್ಲಿ ಹುಟ್ಟಿ, ಮದುವೆಯಾಗಿ ಬಳ್ಳಾರಿಗೆ ಬಂದು, ಗಂಡ ತೀರಿಕೊಂಡ ಮೇಲೆ ಬ್ರೂಸ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಟೈಪು ಮಾಡಲು ಕೂತವಳು. ಹದಿನಾಲ್ಕು ವರ್ಷ ಲಗ್ನಪತ್ರಿಕೆ, ತಿಥಿ ಕಾರ್ಡು, ಕೋರ್ಟಿನ ಅರ್ಜಿ. ದಿನವಿಡೀ ಬೇರೆಯವರ ಮಾತಿಗೆ ಬೆರಳು ಸವೆಸುತ್ತಿದ್ದ ಅವಳಿಗೆ ತನ್ನದೂ ನಾಲ್ಕು ಮಾತು ಇರಲಿ ಅನಿಸಿತು. ನೋಟ್‌ಬುಕ್ಕಿನಲ್ಲಿ ದೆವ್ವದ ಕಥೆ ಬರೆದು, ಹೊಡೆದು ತಿದ್ದಿ, ಮೊಬೈಲಿನ ಕಥೆಗಳ ಆ್ಯಪಿಗೆ ಹಾಕತೊಡಗಿದಳು.

ಅವುಗಳಲ್ಲಿ ಒಂದು ‘ಹಸಿ ಸೀರೆ’. ರಾರಾವಿಯ ಹೊಳೆದಂಡೆಯಲ್ಲಿ ಮಟಮಟ ಮಧ್ಯಾಹ್ನ ಈರವ್ವ ಅನ್ನುವವಳು ಕಾಣಿಸಿಕೊಳ್ಳುತ್ತಾಳೆ. ಬಟ್ಟೆ ಒಗೆಯುವ ಹೆಂಗಸರ ಹತ್ತಿರ ಬಂದು, ನೀರು ಸೋರುವ ಸೀರೆಯ ಒಂದು ಸೆರಗು ಚಾಚಿ, “ಈ ತುದಿ ಸ್ವಲ್ಪ ಹಿಡಿತೀಯೇನವ್ವಾ, ಹಿಂಡಬೇಕು” ಅನ್ನುತ್ತಾಳೆ. ಹಿಡಿದವಳು ಹಿಂಡುತ್ತಲೇ ಇರಬೇಕು. ಆ ಸೀರೆ ಒಣಗುವುದಿಲ್ಲ. ಊರಿನ ಹೆಸರನ್ನು ಜಯಶ್ರೀ ಬಸ್ಸಿನ ಬೋರ್ಡಿನಿಂದ ತಂದಿದ್ದಳು, ಮಿಕ್ಕದ್ದೆಲ್ಲ ತಲೆಯಿಂದ.

ಎರಡು ವರ್ಷ ಕಳೆದ ಮೇಲೆ ಒಂದು ದಿನ, ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಜ್ಯೋತಿಲಕ್ಷ್ಮಿ ಮೊಬೈಲು ಮುಂದೆ ಹಿಡಿದಳು. “ಅಕ್ಕಾ, ಇದನ್ನ ಕೇಳು. ಮೈ ಝುಂ ಅಂತೈತಿ.”

ಒಂದು ವಿಡಿಯೊ ಚಾನೆಲ್ಲಿನಲ್ಲಿ ಗಡಸು ದನಿಯ ಗಂಡಸೊಬ್ಬ ‘ರಾರಾವಿಯಲ್ಲಿ ನಡೆದ ಸತ್ಯ ಘಟನೆ’ ಎಂದು ಹೇಳುತ್ತಿದ್ದ. ವಾಕ್ಯ ವಾಕ್ಯವೂ ಜಯಶ್ರೀಯದು. ಆ್ಯಪಿಗೆ ಹಾಕುವಾಗ ಅವಳು ಕೈತಪ್ಪಿ ಒಂದು ಕಡೆ ‘ಹೊಳೆ’ಯನ್ನು ‘ಹಳೆ’ ಎಂದು ಟೈಪು ಮಾಡಿದ್ದಳು, ಅದನ್ನೂ ಅವನು ಹಾಗೇ ಓದಿದ. ನೋಡಿದವರು ನಾಲ್ಕು ಲಕ್ಷ. ಒಣಹಾಕಿದ ತನ್ನ ಸೀರೆಯನ್ನು ಬೇರೊಬ್ಬಳು ಉಟ್ಟು ಪೇಟೆಯಲ್ಲಿ ತಿರುಗಾಡುವುದನ್ನು ಕಂಡಂತಾಯಿತು ಅವಳಿಗೆ.

ಅದನ್ನು ತೆಗೆಸಬೇಕೆಂದು ವಿಡಿಯೊ ತಾಣದವರಿಗೆ ದೂರು ಕೊಟ್ಟಳು. ಚಾನೆಲ್ಲಿನವನು ಉತ್ತರ ಕಳಿಸಿದ: ‘ಇದು ರಾರಾವಿ ಜನರ ಸ್ವಂತ ಅನುಭವ. ನಡೆದ ಸಂಗತಿಗೆ ಯಾರೂ ಮಾಲೀಕರಲ್ಲ.’

ಅರ್ಜಿ ಟೈಪು ಮಾಡಿಸಲು ಪ್ರೆಸ್ಸಿಗೆ ಬರುತ್ತಿದ್ದ ವಕೀಲ ಭೀಮರಾಜನಿಗೆ ಅದನ್ನು ತೋರಿಸಿದಳು. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ. “ಮಾತಂತೂ ಖರೇನ ಹೇಳ್ಯಾನ್ರಿ. ನಡೆದ ಸುದ್ದಿಗೆ ಕಾಪಿರೈಟ್ ಇರಂಗಿಲ್ಲ. ಹುಟ್ಟಿಸಿದ ಕಥಿ ಅಂತ ನೀವು ತೋರಿಸಬೇಕಾತು.”

ಅಂದರೆ ಈರವ್ವ ಇಲ್ಲ ಎಂದು ತೋರಿಸಬೇಕು. ಊರವರಿಂದಲೇ ಬರೆಸಿಕೊಂಡು ಬಂದರಾಯಿತು ಅಂದುಕೊಂಡು ಜಯಶ್ರೀ ಒಂದು ರಜೆಯ ದಿನ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ರಾರಾವಿ ಬಸ್ಸು ಹತ್ತಿದಳು.

ಹೋಟೆಲಿನ ಮುಂದೆ ಕೂತವರನ್ನು ಕೇಳಿದಳು: “ಇಲ್ಲಿ ಈರವ್ವ ಅಂತ ಯಾವುದೂ ದೆವ್ವ ಇಲ್ಲಲ್ರಿ?” ಯಾರೂ ನಗಲಿಲ್ಲ. ಒಬ್ಬ ಎದ್ದು ಒಳಗೆ ಹೋದ. ಕೊನೆಗೆ ಸಾವಂತ್ರಮ್ಮ ಅನ್ನುವ ಮುದುಕಿ ಅವಳ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು.

“ಇಲ್ಲ ಅಂತ ಯಾರಂದ್ರವ್ವಾ? ನನ್ನ ಮದುವಿ ಆದ ವರ್ಷ ನಾನ ನೋಡೀನಿ. ಸೀರಿ ತುದಿ ಮುಂದ ಹಿಡದ್ಲು. ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಎಡಗಾಲಾಗ ಆರು ಬಟ್ಟು.”

ಜಯಶ್ರೀ ಮುಂದಿನ ಬಸ್ಸಿಗೇ ಎದ್ದಳು. ಬಳ್ಳಾರಿಗೆ ಮರಳಿದವಳು ಚಪ್ಪಲಿ ಬಿಡದೆ ಟ್ರಂಕು ತೆರೆದು ನೋಟ್‌ಬುಕ್ಕು ತೆಗೆದಳು. ಒಂಬತ್ತನೇ ಪುಟ. ‘ಈರವ್ವನ ಎಡಗಾಲಿಗೆ ಆರು ಬೆರಳು’ ಎಂದು ಬರೆದು, ಅತಿಯಾಯಿತೆಂದು ತಾನೇ ಗೀಟು ಎಳೆದಿದ್ದಳು. ಆ್ಯಪಿಗೆ ಆ ಸಾಲು ಹೋಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ನೋಟ್‌ಬುಕ್ಕನ್ನು ಒಳಗಿಟ್ಟು, ಮೇಲೆ ಎರಡು ದಪ್ಪ ಹೊದಿಕೆ ಹೇರಿ ಟ್ರಂಕು ಮುಚ್ಚಿದಳು.

ಮರುದಿನ ವಕೀಲನಿಗೆ, “ಬ್ಯಾಡ ಬಿಡ್ರಿ ಸರ್, ಹೋಗ್ಲಿ” ಅಂದಳು.

ಭೀಮರಾಜ ಬಿಡಲಿಲ್ಲ. “ಈರವ್ವ ಇರ್ಲಿ ಬಿಡ್ಲಿ, ಆ ವಾಕ್ಯ ಬರದವ್ರು ಯಾರು? ನೀವು. ದೆವ್ವ ಯಾರದ ಇರ್ಲಿ, ಮಾತು ನಿಮ್ಮವು. ನೋಟ್‌ಬುಕ್ಕು ತರ್ರಿ.”

ಕೈಬರಹದ ಪುಟಗಳು, ಆ್ಯಪಿಗೆ ಹಾಕಿದ ತಾರೀಖು, ಅಕ್ಷರಕ್ಕಕ್ಷರ ಹೊಂದುವ ಸಾಲುಗಳು, ಆ ‘ಹಳೆ’ಯ ತಪ್ಪು, ಎಲ್ಲವನ್ನೂ ಸೇರಿಸಿ ತಾಣದವರಿಗೆ ಕಳಿಸಿದರು. ‘ಇದು ಪೂರ್ತಿ ನನ್ನ ಸ್ವಂತ ಸೃಷ್ಟಿ’ ಅನ್ನುವ ಸಾಲಿನ ಕೆಳಗೆ ಸಹಿ ಹಾಕುವಾಗ ಜಯಶ್ರೀಯ ಪೆನ್ನು ಒಂದು ಗಳಿಗೆ ನಿಂತಿತು. ಮೂರು ವಾರಕ್ಕೆ ತಾಣದವರು ವಿಡಿಯೊ ತೆಗೆದುಹಾಕಿದರು. ಸ್ಥಳೀಯ ಪತ್ರಿಕೆಯೊಂದು ಮೂಲೆಯಲ್ಲಿ ಸುದ್ದಿ ಹಾಕಿತು: ‘ರಾರಾವಿ ದೆವ್ವ ಬಳ್ಳಾರಿ ಮಹಿಳೆಯದು.’

ಆ ವಾರವೇ ಸಾವಂತ್ರಮ್ಮ ಇಬ್ಬರು ಹೆಂಗಸರನ್ನು ಕರೆದುಕೊಂಡು ಪ್ರೆಸ್ಸಿಗೆ ಬಂದಳು. ಪತ್ರಿಕೆಯ ತುಣುಕು ಸೆರಗಿನ ಗಂಟಿನಲ್ಲಿತ್ತು.

“ಆಕಿ ನಿಮ್ಮಾಕಿ ಅಂತಲ್ಲವ್ವಾ?”

“ಹೂಂ, ನಾನ ಬರದದ್ದು.”

“ಹಂಗಾರ ಕರ್ಕೊಂಡು ಹೋಗು.”

ಜಯಶ್ರೀ ನಕ್ಕಳು. ಅವರು ನಗಲಿಲ್ಲ. ಆ ವಿಡಿಯೊ ಊರಿಗೆ ಬಂದಾಗಿನಿಂದ ಈರವ್ವನ ಕಾಟ ಜಾಸ್ತಿಯಾಗಿದೆ, ಹನ್ನೊಂದು ಹೊಡೆದ ಮೇಲೆ ಯಾರೂ ಹೊಳೆಗೆ ಇಳಿಯುತ್ತಿಲ್ಲ, ಎರಡು ಹುಡುಗಿಯರು ಜ್ವರ ಹಿಡಿದು ಮಲಗಿದ್ದಾರೆ ಅಂದರು.

“ಅದು ಸುಳ್ಳು ಕಥಿರೀ ಅಮ್ಮಾ.”

“ಸುಳ್ಳು ಅಂದ್ರ ಆಕಿ ಹೋಗಂಗಿಲ್ಲ. ನಮ್ಮ ಮಾತಂತೂ ಕೇಳವಲ್ಲಳು. ಯಜಮಾನಿ ನೀನು, ನಿನ್ನ ಮಾತು ಕೇಳ್ತಾಳ.”

ತನ್ನದಲ್ಲ ಎನ್ನುವಂತಿರಲಿಲ್ಲ. ತನ್ನದೆಂದು ಸಹಿ ಹಾಕಿ ಗೆದ್ದಿದ್ದಳು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳು ಹೊಳೆಗೆ ಇಳಿದಳು. ಕಲ್ಲು ಕಾದು ಹಂಚಾಗಿತ್ತು. ಹೆಂಗಸರು ದಂಡೆಯ ಮೇಲೇ ನಿಂತರು. ನಾಚಿಕೆಯಿಂದ ಸುತ್ತ ನೋಡಿ, ಮೆಲ್ಲಗೆ, ಮಗುವನ್ನು ಆಟದಿಂದ ಕರೆಯುವಂತೆ ಕರೆದಳು: “ಈರವ್ವಾ, ಸಾಕು. ನಡಿ, ಮನಿಗೆ ಹೋಗೂಣು.”

ಏನೂ ಆಗಲಿಲ್ಲ. ಆದರೆ ಎಲ್ಲೋ ಬಟ್ಟೆ ಕುಕ್ಕುವ ಸದ್ದು ನಿಂತಿತು. ನಿಂತ ಮೇಲೆಯೇ ಗೊತ್ತಾದದ್ದು, ಅಷ್ಟು ಹೊತ್ತೂ ಅದು ಕೇಳಿಸುತ್ತಿತ್ತೆಂದು.

“ಯಾರ್ರೀ ಒಗಿಯಾಕತ್ತಿದ್ರು?” ಅಂತ ಮೇಲೆ ನೋಡಿ ಕೇಳಿದಳು.

“ಯಾರೂ ಇಲ್ಲ,” ಅಂದಳು ಸಾವಂತ್ರಮ್ಮ. “ಹಿಂದ ಹೊಳ್ಳಿ ನೋಡಬ್ಯಾಡ. ಸುಮ್ನ ನಡಿ, ಬಸ್ ಹತ್ತು.”

ಈರವ್ವನ ಹೆಸರು, ಸೀರೆ, ಮಾತು, ಬೆರಳು, ಒಂದೊಂದನ್ನೂ ಕೂತು ಹುಟ್ಟಿಸಿದವಳು ಜಯಶ್ರೀ. ಹಿಂದೆ ಯಾರೂ ಇಲ್ಲವೆಂದು ಅವಳಷ್ಟು ಚೆನ್ನಾಗಿ ಬಲ್ಲವರಿಲ್ಲ. ಆದರೂ ಸಿರುಗುಪ್ಪ ಬರುವ ತನಕ ಕುತ್ತಿಗೆ ತಿರುಗಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಧೈರ್ಯ ಮಾಡಿ ಹೊಳ್ಳಿ ನೋಡಿದರೆ ಭತ್ತದ ಲಾರಿ, ಬಾಳೆಹಣ್ಣು ಮಾರುವವಳು, ಬಿಸಿಲು.

ರಾರಾವಿಯ ಹೆಂಗಸರು ಈಗ ಯಾವ ಹೊತ್ತಿನಲ್ಲೂ ಬಟ್ಟೆ ಒಗೆಯುತ್ತಾರೆ. ಜ್ವರವೂ ಬಿಟ್ಟಿತಂತೆ. ಜಯಶ್ರೀ ಕಥೆ ಬರೆಯುವುದನ್ನು ನಿಲ್ಲಿಸಿಲ್ಲ. ಪುಟಪುಟಕ್ಕೂ ಹೆಸರು, ತಾರೀಖು ಹಾಕುತ್ತಾಳೆ, ನಿಜವಾದ ಊರಿನ ಹೆಸರು ಮಾತ್ರ ಬರೆಯುವುದಿಲ್ಲ.

ಮೊನ್ನೆ ಆ ಚಾನೆಲ್ಲಿನವನೇ ಫೋನು ಮಾಡಿದ. ತಪ್ಪಾಯಿತೆಂದ. ಈಗ ಅನುಮತಿ ಪಡೆದು, ಅವಳ ಹೆಸರು ಹಾಕಿ, ಸಂಭಾವನೆ ಕೊಟ್ಟು ‘ಹಸಿ ಸೀರೆ’ ಮಾಡುತ್ತೇನೆಂದ.

“ಬ್ಯಾರೆ ಯಾವ ಕಥಿ ಬೇಕಾದ್ರೂ ತಗೋರಿ. ಅದನ್ನ ಕೊಡಂಗಿಲ್ಲ.”

“ಯಾಕ್ರೀ ಮೇಡಂ? ಹಕ್ಕು ನಿಮ್ಮದೇ ಐತಲ್ಲ?”

“ನಂದೇ ಐತಿ,” ಅಂದಳು ಜಯಶ್ರೀ. “ನೀವು ಆಕೀನ ಯಾವ ಊರಾಗ ಬಿಟ್ಟು ಬಂದ್ರೂ, ಮತ್ತ ಕರ್ಕೊಂಡು ಬರಾಕ ನಾನ ಹೋಗಬೇಕು.”